ಗಾಡಿಗೆ ರೇಡಿಯೋ ತಗೋಳೂದಂದ್ರ ಗಡಿಗಿ ತಗೊಂಡಂಗಲ್ಲ

ಎರಡೂ ಬ್ಯಾಂಡ್ ಒಂದೇ ಸೆಟ್ಟಿನಾಗ ಬೇಕು ಅನ್ನೋರು ಮೊದಲು ಇದನ್ನ ಓದ್ರಿ

ಮುಗದ: ಈ ಊರಿನ ಕುಂಬಾರರ ಅಂಗಳಕ್ಕೆ ಗಡಿಗಿ ಕೊಳ್ಳಲು ಬಂದವರು ಮೊದಲು ಬೆರಳಿನ ಗೆಣ್ಣಿನಿಂದ ಅದನ್ನು ಬಾರಿಸಿ ನೋಡುತ್ತಾರೆ. ಟಣ್ ಎಂದರೆ ಸುಟ್ಟದ್ದು ಸರಿ ಐತಿ, ಬೊದ್ ಎಂದರೆ ಎಲ್ಲೋ ಬಿರುಕು ಐತಿ. ಕೊಳ್ಳುವವನಿಗೂ ತಿಳಿಯಿತು, ಮಾರುವವನಿಗೂ ತಿಳಿಯಿತು, ವ್ಯವಹಾರ ಮುಗಿಯಿತು. ಆದರೆ ಗಾಡಿಯೊಳಗೆ ಕೂಡಿಸುವ ಮಾತಿನ ರೇಡಿಯೋಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಹೊರಗಿನಿಂದ ಎಲ್ಲ ಸೆಟ್ಟುಗಳೂ ಒಂದೇ ತರಹ: ಒಂದು ಕರಿ ಡಬ್ಬಿ, ಒಂದು ಮೈಕು, ಒಂದು ಸುರುಳಿ ವಾಯರು, ಮಿಣ ಮಿಣ ಅಂಕಿ. ಬಿರುಕು ಎಲ್ಲಿದೆ ಎಂಬುದು ರೊಕ್ಕ ಕೊಟ್ಟ ಮ್ಯಾಲ ತಿಳಿಯುತ್ತದೆ. ಕೆಲವೊಮ್ಮೆ ಮನೆ ಬಾಗಿಲಿಗೆ ನೋಟೀಸು ಬಂದ ಮ್ಯಾಲ ತಿಳಿಯುತ್ತದೆ.

ಧಾರವಾಡದ ಪಶ್ಚಿಮಕ್ಕಿರುವ ಮುಗದ ಒಂದು ರೀತಿಯಲ್ಲಿ ಹೊಸ್ತಿಲಿನ ಊರು. ಬೆನ್ನ ಹಿಂದೆ ಪ್ಯಾಟಿ, ಮುಂದೆ ಮಲೆನಾಡಿನ ಸೆರಗು. ಕೆರೆ, ಭತ್ತದ ಗದ್ದೆ, ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ, ಹುಬ್ಬಳ್ಳಿ–ಲೋಂಡಾ ಮಾರ್ಗದ ರೈಲು ನಿಲ್ದಾಣ ಇವೆಲ್ಲ ಇರುವ ಊರು. ಇಲ್ಲಿಂದ ಮುಂದೆ ಅಳ್ನಾವರ, ಹಳಿಯಾಳ, ದಾಂಡೇಲಿ ಕಡೆ ಹೋದಂತೆ ಗಿಡಗಂಟಿ ದಟ್ಟವಾಗುತ್ತದೆ, ದಿಬ್ಬ ಏರುತ್ತದೆ, ಮೊಬೈಲಿನ ಕಡ್ಡಿಗಳು ಅಲ್ಲಲ್ಲಿ ಒಂದೊಂದಾಗಿ ಬಿದ್ದು ಹೋಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಾತ್ರಿ ಹೋಗುವ ಟ್ರ್ಯಾಕ್ಟರಿನವರಿಗೆ, ಮಳಿಗಾಲದಲ್ಲಿ ಗೋವೆಯ ಕಡೆ ಲಾರಿ ಹೊಡೆಯುವವರಿಗೆ, ಕಾಡಿನೊಳಗೆ ಜೀಪು ಒಯ್ಯುವವರಿಗೆ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದೇ: "ಫೋನಿಗೆ ರೇಂಜ್ ಇಲ್ಲದ ಕಡೆ ಮಾತಾಡಾಕ ಗಾಡಿಯೊಳಗ ಒಂದು ವಯರ್ಲೆಸ್ ಸೆಟ್ ಹಾಕ್ಕೊಂಡ್ರ ಹೆಂಗ?"

ಪ್ರಶ್ನೆ ಸರಿ ಐತಿ. ಮೊಬೈಲು ತೆರೆದರೆ ಅದರೊಳಗೆ ಉತ್ತರವೂ ಸಿದ್ಧವಾಗಿರುತ್ತದೆ. ‘ಹ್ಯಾಮೂ ನಡೀತದ, ಸಿ.ಬಿ.ಯೂ ನಡೀತದ, ಒಂದೇ ಸೆಟ್ಟು, ಒಂದೇ ಏರಿಯಲ್’ ಎನ್ನುವ ಜಾಹೀರಾತು. ತಾಪತ್ರಯ ಶುರುವಾಗುವುದು ಇಲ್ಲಿಂದಲೇ.

ಎರಡು ಬ್ಯಾಂಡು, ಎರಡು ಕಾನೂನು

ಮೊದಲು ಹೆಸರುಗಳ ಗೊಂದಲ ತೀರಿಸಿಕೊಳ್ಳುವುದು ಒಳಿತು. ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೋ. ಪರೀಕ್ಷೆ ಪಾಸು ಮಾಡಿ, ಸರ್ಕಾರದಿಂದ ಲೈಸೆನ್ಸು ಪಡೆದು, ತನ್ನದೇ ಒಂದು ಕರೆಗುರುತು ಇಟ್ಟುಕೊಂಡು ಮಾತನಾಡುವವರ ಪಂಗಡ ಇದು. ಭಾರತದ ಹವ್ಯಾಸಿಗಳ ಕರೆಗುರುತು ಸಾಮಾನ್ಯವಾಗಿ ವಿ.ಯು. ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ಅವರ ಕರೆಗುರುತು ವಿ.ಯು.2 ಆರ್.ಜಿ. ಎಂದಿತ್ತು.

ಸಿ.ಬಿ. ಎಂದರೆ ಸಿಟಿಜನ್ ಬ್ಯಾಂಡ್. ಹೆಸರೇ ಹೇಳುವಂತೆ ಸಾಮಾನ್ಯ ನಾಗರಿಕನ ಬ್ಯಾಂಡು. ಅಮೇರಿಕೆಯಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ತುಣುಕನ್ನು ಜನಸಾಮಾನ್ಯರಿಗೆ ಬಿಟ್ಟುಕೊಟ್ಟರು. ಅಲ್ಲಿಯವರೆಗೆ ಆ ತುಣುಕು ಅಲ್ಲಿನ ಹ್ಯಾಮುಗಳ ಕೈಯಲ್ಲಿತ್ತು ಎಂಬುದು ಒಂದು ಸ್ವಾರಸ್ಯ. 1973ರಲ್ಲಿ ತೈಲದ ಬಿಕ್ಕಟ್ಟು ಬಂದು, ಹೆದ್ದಾರಿಯ ವೇಗಕ್ಕೆ ಮಿತಿ ಬಿದ್ದಾಗ, ಎಲ್ಲಿ ಡೀಸೆಲ್ ಸಿಗತದ, ಎಲ್ಲಿ ಪೊಲೀಸರು ನಿಂತಾರ ಎಂದು ಒಬ್ಬರಿಗೊಬ್ಬರು ತಿಳಿಸಿಕೊಳ್ಳಲು ಅಲ್ಲಿನ ಲಾರಿ ಡ್ರೈವರುಗಳು ಈ ಸೆಟ್ಟನ್ನೇ ಹಿಡಿದರು. 1977ರಲ್ಲಿ ಚಾನೆಲ್ಲುಗಳು 23ರಿಂದ 40ಕ್ಕೆ ಏರಿದವು. ಬ್ರಿಟನ್ನಿನಲ್ಲಿ 1981ರ ನವೆಂಬರಿನಲ್ಲಿ ಸಿ.ಬಿ.ಗೆ ಕಾನೂನಿನ ಮಾನ್ಯತೆ ಸಿಕ್ಕಿತು.

ಭಾರತದಲ್ಲಿ ಈ ಬಾಗಿಲು ತೆರೆದದ್ದು ಬಹಳ ತಡವಾಗಿ. 2005ರಲ್ಲಿ 26.957ರಿಂದ 27.283 ಮೆಗಾಹರ್ಟ್ಸ್ ವರೆಗಿನ ತುಣುಕಿಗೆ, 5 ವ್ಯಾಟ್ ಮಿತಿಯೊಳಗೆ, ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು. ಪರೀಕ್ಷೆ ಇಲ್ಲ, ಕರೆಗುರುತು ಇಲ್ಲ. ಹಾಗಂತ ಲಂಗು ಲಗಾಮು ಇಲ್ಲವೆಂದಲ್ಲ. ವಿನಾಯಿತಿ ಇರುವುದು ಮನುಷ್ಯನ ಲೈಸೆನ್ಸಿಗೆ. ಸೆಟ್ಟಿನ ಮಾದರಿಗೆ ಸರ್ಕಾರದ ವಯರ್ಲೆಸ್ ವಿಭಾಗದ ಅನುಮೋದನೆ ಇರಲೇಬೇಕು. ಇದನ್ನೇ ಇ.ಟಿ.ಎ. ಎನ್ನುತ್ತಾರೆ.

ಹ್ಯಾಮಿನ ಬ್ಯಾಂಡುಗಳು ಬೇರೆ. ಗಾಡಿಯವರಿಗೆ ಹೆಚ್ಚಾಗಿ ಬೇಕಾಗುವುದು 144ರಿಂದ 146 ಮೆಗಾಹರ್ಟ್ಸ್, ಅಂದರೆ ‘ಎರಡು ಮೀಟರ್’ ಬ್ಯಾಂಡು. ಇನ್ನು ಸಿ.ಬಿ.ಯ ಮಗ್ಗುಲ ಮನೆ ಎನ್ನಬಹುದಾದದ್ದು 28ರಿಂದ 29.7 ಮೆಗಾಹರ್ಟ್ಸ್, ಅಂದರೆ ‘ಹತ್ತು ಮೀಟರ್’ ಬ್ಯಾಂಡು. ಎರಡು ಮನೆಗಳ ನಡುವೆ ಒಂದು ಮೆಗಾಹರ್ಟ್ಸ್ ಸಹ ಅಂತರವಿಲ್ಲ. ಎರಡನ್ನೂ ಒಂದೇ ಸೆಟ್ಟಿನಲ್ಲಿ ಕೂಡಿಸಬೇಕೆಂಬ ಆಸೆ ಹುಟ್ಟುವುದು ಇದೇ ಕಾರಣಕ್ಕೆ.

ಒಂದರೊಳಗ ಎರಡು ಯಾಕ ಬ್ಯಾಡ?

ಹ್ಯಾಮಿನ ದೊಡ್ಡ ಸೆಟ್ಟುಗಳು ಕಾರ್ಖಾನೆಯಿಂದ ಬರುವಾಗ ಹ್ಯಾಮ್ ಬ್ಯಾಂಡಿನಲ್ಲಿ ಮಾತ್ರ ಮಾತು ಹೊರಡಿಸುತ್ತವೆ. ಕೇಳುವುದು ಮಾತ್ರ ಎಲ್ಲವನ್ನೂ ಕೇಳುತ್ತವೆ. ಒಳಗಿನ ಒಂದು ಡಯೋಡು ಕಿತ್ತರೆ, ಇಲ್ಲವೆ ಒಂದು ಸಣ್ಣ ವಾಯರು ಕತ್ತರಿಸಿದರೆ 27 ಮೆಗಾಹರ್ಟ್ಸಿನಲ್ಲೂ ಮಾತು ಹೊರಡುವಂತೆ ಮಾಡಬಹುದು. ಹತ್ತು ಮೀಟರ್ ಸೆಟ್ಟೆಂದು ಹೆಸರಿಟ್ಟು ಮಾರುವ ಕೆಲವು ಸೆಟ್ಟುಗಳ ನಿಜವಾದ ಗಿರಾಕಿ ಸಿ.ಬಿ.ಯವರೇ. ಅಮೇರಿಕೆಯಲ್ಲೂ ಇಂಥ ಸೆಟ್ಟನ್ನು ಸಿ.ಬಿ.ಯಲ್ಲಿ ಬಳಸುವುದು ಅಪರಾಧವೇ.

ಅದು ಯಾಕೆ ತಪ್ಪು ಎಂದು ಕೇಳುವವರಿಗೆ ಕಾರಣ ಮೂರು. ಒಂದು, ಹ್ಯಾಮ್ ಸೆಟ್ಟು 100 ವ್ಯಾಟಿನದ್ದಾದರೆ ಸಿ.ಬಿ.ಯ ಮಿತಿ 5 ವ್ಯಾಟು. ಇಪ್ಪತ್ತು ಪಟ್ಟು ಹೆಚ್ಚು. ಎರಡು, ಬದಲಾಯಿಸಿದ ಸೆಟ್ಟಿಗೆ ಮಾದರಿ ಅನುಮೋದನೆಯ ಅರ್ಥವೇ ಉಳಿಯುವುದಿಲ್ಲ. ಮೂರನೆಯದು ನಿಜವಾದ ಅಪಾಯದ್ದು. ಯಾವ ಸೆಟ್ಟೇ ಆಗಲಿ, ತಾನು ಕೂಗುವ ಅಂಕಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಅಂಕಿಯಲ್ಲೂ ಒಂದಿಷ್ಟು ಸೋರುತ್ತದೆ. ಒಳ್ಳೆಯ ಸೆಟ್ಟಿನ ಫಿಲ್ಟರು ಈ ಸೋರಿಕೆಯನ್ನು ತಡೆಯುತ್ತದೆ. ಅರೆಬರೆ ಕೈಚಳಕದ ಸೆಟ್ಟಿನಲ್ಲಿ, ಅದಕ್ಕೆ ಜೋಡಿಸಿದ ಬೂಸ್ಟರಿನಲ್ಲಿ ಇದು ತಡೆಯಿಲ್ಲದೆ ಹರಿಯುತ್ತದೆ. 27.1ರ ನಾಲ್ಕರಷ್ಟು ಎಂದರೆ 108.4. ವಿಮಾನಗಳಿಗೆ ದಾರಿ ತೋರಿಸುವ ರೇಡಿಯೋ ಗುರುತುಗಳು ಶುರುವಾಗುವುದೇ 108 ಮೆಗಾಹರ್ಟ್ಸಿನಿಂದ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕೂತವನಿಗೆ ತನ್ನ ಮಾತು ಎಲ್ಲಿಗೆ ಹೋಗಿ ತಾಗಿತು ಎಂಬುದು ತಿಳಿಯುವುದೇ ಇಲ್ಲ.

ಇದರ ಮೇಲೆ ಇನ್ನೊಂದು ಮಾತು. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರ ಮಾತಾಡುವ ಹಾಗಿಲ್ಲ. ‘ಲೋಡ್ ಬಂತೇನ್ರಿ, ಬಾಡಿಗಿ ಎಷ್ಟಾತು, ಕಾರ್ಖಾನಿ ಗೇಟಿನ್ಯಾಗ ಪಾಳೆ ಎಷ್ಟೈತಿ’ ಎಂಬ ಮಾತು ಲೈಸೆನ್ಸು ಇದ್ದರೂ ಅಲ್ಲಿ ನಡೆಯದು. ಹಾಡು ಹಾಕುವಂತಿಲ್ಲ, ಗುಪ್ತ ಭಾಷೆ ಬಳಸುವಂತಿಲ್ಲ. ಅದು ಕಲಿಯುವ, ಪ್ರಯೋಗ ಮಾಡುವ, ಆಪತ್ತಿನಲ್ಲಿ ನೆರವಾಗುವ ಬ್ಯಾಂಡು. ಹೀಗಾಗಿ ದಂಧೆಯ ಸಲುವಾಗಿ ಸೆಟ್ಟು ಬೇಕೆನ್ನುವವನು ಹ್ಯಾಮಿನ ದುಬಾರಿ ಸೆಟ್ಟಿಗೆ ರೊಕ್ಕ ಸುರಿದರೆ, ಕುದುರೆ ಕೊಂಡು ಗಾಣಕ್ಕೆ ಹೂಡಿದಂತೆ ಆಗುತ್ತದೆ.

27ರ ಆಚೆ ಕಾಲಿಡಬ್ಯಾಡ್ರಿ

ಸಿ.ಬಿ. ಸೆಟ್ಟು ಕೊಳ್ಳುವವರು ಕಣ್ಣಿಟ್ಟು ನೋಡಬೇಕಾದ ಒಂದು ಲೆಕ್ಕ ಇಲ್ಲಿದೆ. ಹೊರದೇಶದ ಸೆಟ್ಟುಗಳಲ್ಲಿ 40 ಚಾನೆಲ್ ಇರುತ್ತವೆ. ಮೊದಲನೆಯದು 26.965 ಮೆಗಾಹರ್ಟ್ಸ್, ನಲವತ್ತನೆಯದು 27.405. ಆದರೆ ಭಾರತದಲ್ಲಿ ವಿನಾಯಿತಿ ಇರುವುದು 27.283ರ ತನಕ ಮಾತ್ರ. 27ನೇ ಚಾನೆಲ್ 27.275ರಲ್ಲಿ ಬರುತ್ತದೆ, ಅದು ಗೆರೆಯ ಒಳಗೆ. 28ನೇ ಚಾನೆಲ್ 27.285ರಲ್ಲಿ ಬರುತ್ತದೆ, ಅದು ಗೆರೆಯ ಹೊರಗೆ. ಅಂದರೆ ನಲವತ್ತರಲ್ಲಿ ಹದಿಮೂರು ಚಾನೆಲ್ಲುಗಳು ಇಲ್ಲಿ ಸಲ್ಲುವುದಿಲ್ಲ. ನಲವತ್ತೂ ಚಾನೆಲ್ಲು ಚಾಲೂ ಇರುವ ಸೆಟ್ಟನ್ನು ‘ಇಂಡಿಯಾದಾಗ ನಡೀತದ್ರೀ’ ಎಂದು ಮಾರುವವರ ಮಾತು ಅರ್ಧ ಸತ್ಯ ಮಾತ್ರ.

ಈ ತುಣುಕಿಗೆ ಇನ್ನೊಂದು ಬಾಬತ್ತೂ ಉಂಟು. ಇದರ ನಡುಮಧ್ಯ 27.12 ಮೆಗಾಹರ್ಟ್ಸ್. ಇದು ಜಗತ್ತಿನಾದ್ಯಂತ ಕೈಗಾರಿಕೆಗೆ ಬಿಟ್ಟ ಅಂಕಿ. ಪ್ಲಾಸ್ಟಿಕ್ ಹಾಳೆ ಬೆಸೆಯುವ ಯಂತ್ರ, ಆಸ್ಪತ್ರೆಯಲ್ಲಿ ಮೈಕೈ ನೋವಿಗೆ ಶಾಖ ಕೊಡುವ ಯಂತ್ರ ಇಂಥವು ಇದೇ ಅಂಕಿಯಲ್ಲಿ ಕೆಲಸ ಮಾಡುತ್ತವೆ. ಕಾರ್ಖಾನೆ ಪ್ರದೇಶದ ಹತ್ತಿರ ಸಿ.ಬಿ. ಸೆಟ್ಟು ಗುರ್ರ್ ಎಂದರೆ ಸೆಟ್ಟು ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ.

ಎಷ್ಟು ದೂರ ಕೇಳತೈತಿ?

ಡಬ್ಬಿಯ ಮೇಲೆ ಬರೆದ ಮೈಲುಗಳನ್ನು ನಂಬುವುದು ಸಂತೆಯಲ್ಲಿ ಎತ್ತಿನ ವಯಸ್ಸು ಕೇಳಿ ನಂಬಿದಂತೆ. ಬಯಲಿನಲ್ಲಿ, ಎರಡೂ ಗಾಡಿಗೆ ಒಳ್ಳೆಯ ಏರಿಯಲ್ ಇದ್ದಾಗ, 5 ವ್ಯಾಟಿನ ಸಿ.ಬಿ. ಕೆಲವೇ ಕಿಲೋಮೀಟರು ನಡೆಯುತ್ತದೆ. ಕಾಡು, ತಿರುವು, ಗುಡ್ಡ ಬಂದರೆ ಅದೂ ಇಳಿಯುತ್ತದೆ. ಒಂದರ ಹಿಂದೆ ಒಂದು ಹೋಗುವ ನಾಲ್ಕಾರು ಗಾಡಿಗಳಿಗೆ ಇದು ಸಾಕು. ‘ಮುಂದ ಗಿಡ ಬಿದ್ದೈತಿ, ನಿಧಾನ ಬರ್ರೀ’ ಎಂದು ಹಿಂದಿನವರಿಗೆ ಹೇಳಲು ಇದಕ್ಕಿಂತ ಅಗ್ಗದ ಸಾಧನ ಇಲ್ಲ. ಆದರೆ ಅಳ್ನಾವರದ ಆಚೆಯಿಂದ ಧಾರವಾಡದ ಮನೆಗೆ ಮಾತಾಡುತ್ತೇನೆ ಎನ್ನುವುದು ಆಗದ ಮಾತು.

ಇದರ ಜತೆಗೆ ಸೂರ್ಯನ ಕಾಟ ಬೇರೆ. ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯನ ಮೇಲಿನ ಕಲೆಗಳು ಹೆಚ್ಚುತ್ತವೆ. 2024ರ ಸುಮಾರಿಗೆ ಇಂಥದೊಂದು ಏರಿಕೆ ಕಂಡಿತು. ಆಗ 27–28 ಮೆಗಾಹರ್ಟ್ಸಿನ ಅಲೆಗಳು ಆಕಾಶದ ಎತ್ತರದ ಪದರಕ್ಕೆ ತಾಗಿ ಸಾವಿರಾರು ಕಿಲೋಮೀಟರು ಆಚೆ ಇಳಿಯುತ್ತವೆ. ಹ್ಯಾಮಿನವರಿಗೆ ಇದು ಹಬ್ಬ. ಹತ್ತು ಮೀಟರಿನಲ್ಲಿ ಸಣ್ಣ ಸೆಟ್ಟಿನಿಂದ ಖಂಡಾಂತರ ಮಾತಾಡಬಹುದು. ಆದರೆ ಸಿ.ಬಿ.ಯವನಿಗೆ ಇದೇ ಕಿರಿಕಿರಿ. ಎಲ್ಲಿಯವೋ ಪರದೇಶಿ ದನಿಗಳು ಬಂದು, ಅರ್ಧ ಫರ್ಲಾಂಗು ಹಿಂದಿರುವ ಜೊತೆಗಾರನ ದನಿಯನ್ನು ಮುಚ್ಚಿ ಹಾಕುತ್ತವೆ.

ಎರಡು ಮೀಟರಿನ ಹ್ಯಾಮ್ ಸೆಟ್ಟು ಎಫ್.ಎಂ.ನಲ್ಲಿ ನಡೆಯುತ್ತದೆ, ದನಿ ಸ್ವಚ್ಛ. ಅದರ ಅಲೆ ನೆಟ್ಟಗೆ ಹೋಗುವಂಥದ್ದು. ಎದುರಿಗೆ ಕಾಣುವ ಎತ್ತರದ ಜಾಗ ಇದ್ದರೆ ದೂರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಂತು ಬಿಡುತ್ತದೆ. ಎತ್ತರದ ಮೇಲೆ ಕೂಡಿಸಿದ ರಿಪೀಟರು ಎಂಬ ಯಂತ್ರ ಗಾಡಿಯ ಮಾತನ್ನು ಹಿಡಿದು ಮತ್ತೆ ಜೋರಾಗಿ ಬಿತ್ತರಿಸುವ ವ್ಯವಸ್ಥೆ ಈ ಬ್ಯಾಂಡಿನ ದೊಡ್ಡ ಬಲ. ಸೆಟ್ಟು ಕೊಳ್ಳುವ ಮೊದಲು ತಾವು ಓಡಾಡುವ ಹಾದಿಗೆ ಯಾವ ರಿಪೀಟರು ಸಿಗುತ್ತದೆ ಎಂಬುದನ್ನು ಹುಬ್ಬಳ್ಳಿ–ಧಾರವಾಡದ ಲೈಸೆನ್ಸುದಾರ ಹ್ಯಾಮುಗಳನ್ನೇ ಕೇಳಿ ತಿಳಿಯುವುದು ಜಾಣತನ.

ವ್ಯಾಟಿನ ವ್ಯಾಮೋಹದ ಬಗ್ಗೆಯೂ ಒಂದು ಮಾತು. ನಾಲ್ಕು ಪಟ್ಟು ವ್ಯಾಟು ಹೆಚ್ಚಿಸಿದರೆ ಕೇಳುವವನ ಮೀಟರಿನ ಮುಳ್ಳು ಏರುವುದು ಒಂದೇ ಒಂದು ಗೆರೆ. ಅದೇ ಗಾಡಿಯನ್ನು ಹಳ್ಳದಿಂದ ದಿಬ್ಬಕ್ಕೆ ತಂದರೆ ಮುಳ್ಳು ಎಷ್ಟೋ ಗೆರೆ ಏರಬಹುದು. ವ್ಯಾಟಿಗಿಂತ ಎತ್ತರ ದೊಡ್ಡದು.

ಏರಿಯಲ್ಲೇ ಅರ್ಧ ಸೆಟ್ಟು

ಸೆಟ್ಟಿಗೆ ಸಾವಿರಾರು ರೂಪಾಯಿ ಕೊಟ್ಟು ಏರಿಯಲ್ಲಿಗೆ ಜಿಪುಣತನ ಮಾಡುವವರೇ ಹೆಚ್ಚು. ಲೆಕ್ಕ ಸುಲಭ ಐತಿ. 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 27ಕ್ಕೆ ಹನ್ನೊಂದು ಮೀಟರು. ಅದರ ಕಾಲು ಭಾಗ ಎರಡೂಮುಕ್ಕಾಲು ಮೀಟರು, ಅಂದರೆ ಒಂಬತ್ತು ಅಡಿ ಉದ್ದದ ಕಡ್ಡಿ. 145ಕ್ಕೆ ಅದೇ ಲೆಕ್ಕ ಹಾಕಿದರೆ ಅರ್ಧ ಮೀಟರು, ಒಂದೂವರೆ ಅಡಿಗಿಂತ ಚೂರು ಹೆಚ್ಚು. ಒಂದು ಬಿದಿರು ಕೋಲು, ಇನ್ನೊಂದು ಹೊಲಿಗೆಯವನ ಅಳತೆ ಪಟ್ಟಿ. ಎರಡಕ್ಕೂ ಒಂದೇ ಏರಿಯಲ್ ಎನ್ನುವುದು ಬಾಯಿಮಾತು.

ಒಂಬತ್ತು ಅಡಿ ಕಡ್ಡಿ ಗಾಡಿಗೆ ಒಗ್ಗದೆಂದು ಅದರ ಬುಡದಲ್ಲೋ ನಡುವಿನಲ್ಲೋ ತಂತಿಯ ಸುರುಳಿ ಸೇರಿಸಿ ನಾಲ್ಕೈದು ಅಡಿಗೆ ಇಳಿಸುತ್ತಾರೆ. ಅನುಕೂಲ ಹೆಚ್ಚು, ಬಲ ಕಡಿಮೆ. 27ಕ್ಕೆ ಹದಗೊಳಿಸಿದ ಇಂಥ ಗಿಡ್ಡ ಕಡ್ಡಿ 28ರ ಮೇಲೆ ಹೋದರೆ ಹದ ತಪ್ಪುತ್ತದೆ. ಹದ ತಪ್ಪಿದ್ದನ್ನು ತೋರಿಸುವ ಸಣ್ಣ ಮೀಟರಿಗೆ ಎಸ್.ಡಬ್ಲ್ಯು.ಆರ್. ಮೀಟರು ಎನ್ನುತ್ತಾರೆ. ಅದು 1.5 ತೋರಿಸಿದರೆ ಕಳಿಸಿದ ಶಕ್ತಿಯಲ್ಲಿ ನೂರಕ್ಕೆ ನಾಲ್ಕು ಪಾಲು ವಾಪಸು ಬರುತ್ತಿದೆ ಎಂದರ್ಥ, ಚಿಂತಿ ಇಲ್ಲ. 3 ತೋರಿಸಿದರೆ ನೂರಕ್ಕೆ ಇಪ್ಪತ್ತೈದು ಪಾಲು ವಾಪಸು, ಸೆಟ್ಟಿನ ಹೊಟ್ಟೆ ಸುಡುವ ಲಕ್ಷಣ. ಈ ಮೀಟರು ಹಿಡಿದು ನೋಡದೆ ಏರಿಯಲ್ ಕೂಡಿಸಿ ಕೊಡುವ ಮೆಕ್ಯಾನಿಕನ ಕೈಗೆ ಸೆಟ್ಟು ಕೊಡಬಾರದು.

ಏರಿಯಲ್ಲಿಗೆ ಕೆಳಗೆ ಲೋಹದ ತಗಡು ಬೇಕು. ಜೀಪಿನ ಟಾಪಿನ ನಟ್ಟನಡುವೆ ಕೂಡಿಸಿದರೆ ನಾಲ್ಕೂ ದಿಕ್ಕಿಗೆ ಸಮ ಹೋಗುತ್ತದೆ, ಮೂಲೆಗೆ ಕೂಡಿಸಿದರೆ ಒಂದು ಕಡೆಗೆ ವಾಲುತ್ತದೆ. ಬಟ್ಟೆಯ ಟಾಪು, ಫೈಬರಿನ ಟಾಪು ಇದ್ದಲ್ಲಿ ಕೆಳಗೆ ತಗಡು ಬಿಗಿಯದೆ ಗತಿ ಇಲ್ಲ. ಟಾಪೇ ಇಲ್ಲದ ಟ್ರ್ಯಾಕ್ಟರಿಗೆ ಮಡ್‌ಗಾರ್ಡೇ ಗತಿ.

ಇಲ್ಲಿ ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಯಾರೂ ಮರೆಯಬಾರದು. ವಿದ್ಯುತ್ ರೈಲು ಓಡುವ ಮಾರ್ಗದ ಗೇಟುಗಳಲ್ಲಿ ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟು ಹರಿಯುತ್ತಿರುತ್ತದೆ. ತಂತಿಯ ಎತ್ತರ ಐದೂವರೆ ಮೀಟರಿನ ಆಸುಪಾಸು. ಮೂರು ಮೀಟರು ಎತ್ತರದ ಗಾಡಿಯ ಟಾಪಿನ ಮೇಲೆ ಎರಡೂಮುಕ್ಕಾಲು ಮೀಟರಿನ ಕಡ್ಡಿ ನಿಲ್ಲಿಸಿದರೆ ಅದು ತಂತಿಯ ಎತ್ತರಕ್ಕೇ ಬಂತು. ತಾಗಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಸಾಕು. ಎತ್ತರದ ಗಾಡಿಗೆ ಉದ್ದನೆಯ ಕಡ್ಡಿ ಬೇಡವೇ ಬೇಡ. ಹೊಲದ ನಡುವಿನ ಕೆ.ಇ.ಬಿ. ಲೈನು ಜೋತು ಬಿದ್ದ ಕಡೆಯೂ ಇದೇ ಮಾತು.

ಬ್ಯಾಟರಿ, ಫ್ಯೂಜು, 24 ವೋಲ್ಟು

ಸಿ.ಬಿ. ಸೆಟ್ಟು ಎಳೆಯುವುದು ಒಂದು–ಒಂದೂವರೆ ಆಂಪಿಯರಷ್ಟು. ಸಿಗರೇಟು ಹಚ್ಚುವ ಸಾಕೆಟ್ಟಿನಿಂದಲೇ ನಡೆಯುತ್ತದೆ. 50 ವ್ಯಾಟಿನ ಎರಡು ಮೀಟರ್ ಸೆಟ್ಟು ಮಾತಾಡುವಾಗ ಹತ್ತು ಆಂಪಿಯರಿನ ಸುತ್ತಮುತ್ತ ಎಳೆಯುತ್ತದೆ. 100 ವ್ಯಾಟಿನ ದೊಡ್ಡ ಸೆಟ್ಟು ಇಪ್ಪತ್ತರ ಮೇಲೆ ಹೋಗುತ್ತದೆ. ಇವನ್ನು ಆ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಜು ಹಾರುತ್ತದೆ. ಹಾರುವ ಫ್ಯೂಜಿನ ಜಾಗಕ್ಕೆ ತಂತಿ ಸುತ್ತುವ ನಮ್ಮ ಜನರ ಹಳೆ ಚಟಕ್ಕೆ ವಾಯರಿಂಗೇ ಸುಡುತ್ತದೆ. ದಪ್ಪ ವಾಯರನ್ನು ನೇರ ಬ್ಯಾಟರಿಯಿಂದ ಎಳೆಯಬೇಕು. ಫ್ಯೂಜು ಬ್ಯಾಟರಿಯ ಬಗಲಲ್ಲೇ ಇರಬೇಕು. ಸೆಟ್ಟಿನ ಹತ್ತಿರ ಇಟ್ಟರೆ ನಡುವಿನ ವಾಯರಿಗೆ ಕಾವಲಿಲ್ಲ.

ಕಾರು, ಜೀಪು, ಟ್ರ್ಯಾಕ್ಟರು 12 ವೋಲ್ಟಿನವು. ದೊಡ್ಡ ಲಾರಿ, ಬಸ್ಸು ಸಾಮಾನ್ಯವಾಗಿ 24 ವೋಲ್ಟು. 12ರ ಸೆಟ್ಟನ್ನು 24ಕ್ಕೆ ಜೋಡಿಸಿದವರ ಕಥೆ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡು ಬ್ಯಾಟರಿಯಲ್ಲಿ ಒಂದರಿಂದಷ್ಟೇ ವಾಯರು ಎಳೆಯುವ ಉಪಾಯವೂ ಕೆಟ್ಟದ್ದೇ. ಆ ಒಂದು ಬ್ಯಾಟರಿ ಸೊರಗಿ ಇನ್ನೊಂದಕ್ಕೆ ಅತಿಯಾಗಿ ಚಾರ್ಜು ಹೋಗುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರನ್ನು, ಸೆಟ್ಟು ಎಳೆಯುವುದಕ್ಕಿಂತ ಹೆಚ್ಚು ಆಂಪಿಯರಿನದ್ದನ್ನು ಹಾಕಿಸುವುದೇ ಸರಿಯಾದ ದಾರಿ.

ಇನ್ನು ಗದ್ದಲ. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಟಪ ಟಪ ಎಂದು ಸಿ.ಬಿ.ಯಲ್ಲಿ ಕೇಳುತ್ತದೆ. ಡೀಸೆಲಿಗೆ ಕಿಡಿ ಇಲ್ಲ, ಆದರೆ ಆಲ್ಟರ್ನೇಟರಿನ ಕುಂಯ್ ಎನ್ನುವ ದನಿ ಇರುತ್ತದೆ, ಎಕ್ಸಲೇಟರ್ ಒತ್ತಿದಂತೆ ಏರುತ್ತದೆ. ಎಂಜಿನ್ ಬಂದ್ ಮಾಡಿದಾಗ ಗದ್ದಲ ನಿಂತರೆ ತಪ್ಪು ಗಾಡಿಯದು, ಸೆಟ್ಟಿನದಲ್ಲ. ಕೊಳ್ಳುವಾಗ ‘ನಾಯ್ಸ್ ಬ್ಲ್ಯಾಂಕರ್’ ಎಂಬ ಗುಂಡಿ ಇದೆಯೇ ನೋಡಬೇಕು. ಎ.ಎಂ. ಜತೆಗೆ ಎಸ್.ಎಸ್.ಬಿ. ಇದ್ದರೆ ಅದೇ ವ್ಯಾಟಿನಲ್ಲಿ ಇನ್ನಷ್ಟು ದೂರ ಹೋಗಬಹುದು, ಆದರೆ ಆ ಕಡೆಯವನ ಸೆಟ್ಟಿನಲ್ಲೂ ಅದು ಇರಬೇಕು.

ಆ ಕಡೆ ಯಾರದಾರ?

ಎಲ್ಲ ಅಂಕಿಸಂಖ್ಯೆ ಮುಗಿದ ಮೇಲೆ ಉಳಿಯುವ ಪ್ರಶ್ನೆ ಇದೇ, ಮತ್ತು ಇದೇ ದೊಡ್ಡ ಪ್ರಶ್ನೆ. ರಾತ್ರಿ ಕಾಡಿನಲ್ಲಿ ಗಾಡಿ ಕೆಟ್ಟಾಗ ಮೈಕು ಹಿಡಿದು ಕೂಗಿದರೆ ಕೇಳುವವರು ಯಾರು?

ಅಮೇರಿಕೆಯ ಹೆದ್ದಾರಿಯಲ್ಲಿ ಸಿ.ಬಿ.ಗೆ ಬೆಲೆ ಬಂದದ್ದು ಪ್ರತಿ ಎರಡನೇ ಲಾರಿಯಲ್ಲಿ ಇನ್ನೊಂದು ಸೆಟ್ಟು ಇದ್ದದ್ದರಿಂದ. ಇಲ್ಲಿನ ರಸ್ತೆಯಲ್ಲಿ ಆ ಬಳಗವೇ ಬೆಳೆದಿಲ್ಲ. ಒಂಟಿಯಾಗಿ ಸಿ.ಬಿ. ಕೊಂಡವನು ಊರಿಗೆ ಮೊದಲು ಟೆಲಿಫೋನು ತಂದ ಗೌಡನಂತೆ. ಯಾರಿಗೆ ಫೋನು ಮಾಡಬೇಕು? ಆದ್ದರಿಂದ ಸಿ.ಬಿ. ಕೊಳ್ಳುವುದಾದರೆ ಜೋಡಿಯಾಗಿ, ಗುಂಪಾಗಿ ಕೊಳ್ಳಬೇಕು. ಒಂದೇ ದಾರಿಯಲ್ಲಿ ಹೋಗುವ ಹತ್ತು ಟ್ರ್ಯಾಕ್ಟರಿನವರು ಕೂಡಿ ಒಂದು ಚಾನೆಲ್ ಗೊತ್ತು ಮಾಡಿಕೊಂಡರೆ ಅದಕ್ಕೆ ಅರ್ಥವಿದೆ.

ಹ್ಯಾಮಿನ ಬಲ ಇರುವುದೇ ಬಳಗದಲ್ಲಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಹೆಣ್ಣುಮಗಳ ನೇತೃತ್ವದ ತಂಡ ಹವ್ಯಾಸಕ್ಕಾಗಿ ಪೋರ್ಟ್ ಬ್ಲೇರಿಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿ ದ್ವೀಪಗಳ ಸಂಪರ್ಕ ಕಡಿದುಹೋದಾಗ, ಹವ್ಯಾಸದ ಅದೇ ಸೆಟ್ಟುಗಳು ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ಸಾಧನಗಳಾದವು. ಟವರು ಬಿದ್ದಾಗ, ಕರೆಂಟು ಹೋದಾಗ, ಒಂದು ಗಾಡಿ ಬ್ಯಾಟರಿಯ ಮೇಲೆ ನಡೆಯುವ ಸೆಟ್ಟು ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. 2019ರ ಆಗಸ್ಟಿನಂಥ ಮಳಿ ಮತ್ತೆ ಬಂದರೆ ಈ ಜಿಲ್ಲೆಗೂ ಅಂಥವರು ಬೇಕಾಗುತ್ತಾರೆ.

ಕರ್ನಾಟಕಕ್ಕೆ ಈ ಹುಚ್ಚು ಹೊಸದಲ್ಲ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪ್ರಸಾರ ಯಂತ್ರವಿಟ್ಟು ನಡೆಸಿದ ನಿಲಯದಿಂದಲೇ ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಬಂತು. 1950ರ ಜನವರಿಯಲ್ಲಿ ಧಾರವಾಡ ನಿಲಯ ಶುರುವಾದ ಮೇಲೆ ಈ ಭಾಗದ ಮನೆಮನೆಯಲ್ಲೂ ರೇಡಿಯೋ ಬಂತು. ಆ ಕಾಲದಲ್ಲಿ ಕೇಳುವ ರೇಡಿಯೋಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸು ಕಟ್ಟಬೇಕಿತ್ತು. ಅದು 1980ರ ದಶಕದಲ್ಲಿ ರದ್ದಾಯಿತು. ಆದರೆ ಮಾತಾಡುವ ರೇಡಿಯೋದ ಲೈಸೆನ್ಸು ರದ್ದಾಗಿಲ್ಲ. ಇದನ್ನು ಅದರೊಂದಿಗೆ ಕಲಸಿಕೊಂಡವರು ಬಹಳ.

ಆನ್‌ಲೈನಿನ ಗಾಳ

ವಾಕಿಟಾಕಿಯ ವಿಷಯದಲ್ಲಿ ನಡೆದದ್ದನ್ನು ನೋಡಿದರೆ ಸಾಕು. ಅಂಕಿ ಯಾವುದು, ಲೈಸೆನ್ಸು ಬೇಕೋ ಬೇಡವೋ, ಅನುಮೋದನೆ ಇದೆಯೋ ಇಲ್ಲವೋ ಎಂಬುದನ್ನು ತಿಳಿಸದೆ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟೀಸು ಕೊಟ್ಟಿತು. ಅಂದರೆ ಅಂಗಡಿಯಲ್ಲಿ ಸಿಕ್ಕಿತು, ಬಿಲ್ಲು ಇದೆ, ಆದ್ದರಿಂದ ಕಾನೂನುಬದ್ಧ ಎಂದು ತಿಳಿಯುವಂತಿಲ್ಲ. ಮಾರಿದವನು ನೋಟೀಸಿಗೆ ಉತ್ತರ ಬರೆಯುತ್ತಾನೆ. ಚೆಕ್‌ಪೋಸ್ಟಿನಲ್ಲಿ ಸೆಟ್ಟಿನ ಸಮೇತ ನಿಲ್ಲುವವನು ಡ್ರೈವರು.

ಹಂಗಾದ್ರ ಯಾವುದು ತಗೋಬೇಕು?

ಪ್ರಶ್ನೆಯನ್ನು ತಿರುಗಿಸಿ ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ಯಾರ ಜತೆ ಮಾತಾಡಬೇಕಾಗಿದೆ?

ಜೊತೆಗೆ ಹೋಗುವ ಗಾಡಿಗಳ ನಡುವೆ, ದಂಧೆಯ ಮಾತಿಗೆ ಬೇಕಾದರೆ: ಅನುಮೋದನೆ ಪಡೆದ, 5 ವ್ಯಾಟಿನ, 27 ಚಾನೆಲ್ ಮೀರದ ಸಿ.ಬಿ. ಸೆಟ್ಟು. ಅದನ್ನೂ ಗುಂಪಾಗಿ.

ಕಲಿಯುವ ಆಸಕ್ತಿಗೆ, ಆಪತ್ತಿನ ನೆರವಿಗೆ ಬೇಕಾದರೆ: ಮೊದಲು ಪರೀಕ್ಷೆ, ಆಮೇಲೆ ಲೈಸೆನ್ಸು, ಕಡೆಗೆ ಸೆಟ್ಟು. ಈ ಅನುಕ್ರಮ ತಪ್ಪಬಾರದು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂಡಬಹುದು. ರೆಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿಯಬೇಕಿಲ್ಲ, ಜನರಲ್ ದರ್ಜೆಗೆ ನಿಮಿಷಕ್ಕೆ ಎಂಟು ಪದದ ವೇಗ ಬೇಕು. ಮೂಲ ವಿದ್ಯುತ್ತು, ರೇಡಿಯೋ ತತ್ವ ಮತ್ತು ನಿಯಮಾವಳಿ, ಇಷ್ಟೇ ಪಾಠ. ಹೈಸ್ಕೂಲು ಓದಿದವರು ಮನಸ್ಸು ಮಾಡಿದರೆ ಕಲಿಯಬಹುದಾದದ್ದು. ಲೈಸೆನ್ಸು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಬಂದ ಮೇಲೆ ಅದರಲ್ಲಿ ಎಷ್ಟು ವ್ಯಾಟು, ಯಾವ ಬ್ಯಾಂಡು, ಗಾಡಿಯಲ್ಲಿ ನಡೆಸಲು ಏನು ಷರತ್ತು ಎಂಬುದನ್ನು ಓದಿಕೊಂಡು, ಎರಡು ಮೀಟರಿನ ಸಾದಾ ಸೆಟ್ಟಿನಿಂದ ಶುರು ಮಾಡುವುದು ಕ್ಷೇಮ.

ಎರಡೂ ಬೇಕೇ ಬೇಕೆನ್ನುವವರಿಗೆ: ಎರಡು ಸೆಟ್ಟು, ಎರಡು ಏರಿಯಲ್ಲು. ಖರ್ಚು ತುಸು ಹೆಚ್ಚಾದೀತು. ಆದರೆ ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ಎರಡೂ ಅದರದರ ಕಾನೂನಿನೊಳಗೆ ಇರುತ್ತವೆ. ಹ್ಯಾಮ್ ಸೆಟ್ಟಿನಲ್ಲಿ ಸಿ.ಬಿ.ಯನ್ನು ಕೇಳುತ್ತ ಕೂತು, ಉತ್ತರವನ್ನು ಮಾತ್ರ ಸಿ.ಬಿ. ಸೆಟ್ಟಿನಿಂದ ಕೊಡುವುದು ಬಲ್ಲವರ ಪದ್ಧತಿ.

ಯಾವ ಸೆಟ್ಟೇ ಇರಲಿ, ಓಡಿಸುತ್ತ ಒಂದು ಕೈಯಲ್ಲಿ ಮೈಕು ಹಿಡಿಯುವುದು ಬೇಡ. ಕೈಯಲ್ಲಿ ಹಿಡಿದ ಸಂಪರ್ಕ ಸಾಧನ ಬಳಸುತ್ತ ಗಾಡಿ ಹೊಡೆಯುವುದನ್ನು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಗಾಡಿಯನ್ನು ಬದಿಗೆ ನಿಲ್ಲಿಸಿ ಮಾತಾಡಿದರೆ ಹೋಗುವುದು ಎರಡು ನಿಮಿಷ.

ಮತ್ತು ರೇಂಜ್ ಒಂದು ಕಡ್ಡಿಯಾದರೂ ಇರುವ ಕಡೆ ಮೊದಲು ಒತ್ತಬೇಕಾದದ್ದು 112. ರೇಡಿಯೋ ಇರುವುದು ಆ ಕಡ್ಡಿಯೂ ಹೋದ ಮ್ಯಾಲ. ಆ ಹೊತ್ತಿಗೆ ಸೆಟ್ಟಿನ ಬೆಲೆ, ಮಿಣುಕು ದೀಪ, ಜಾಹೀರಾತಿನ ಮೈಲು ಇವು ಯಾವವೂ ಲೆಕ್ಕಕ್ಕೆ ಬರುವುದಿಲ್ಲ. ಕಡ್ಡಿ ಹದವಾಗಿದೆಯೇ, ಫ್ಯೂಜು ಸರಿ ಇದೆಯೇ, ಆ ಕಡೆ ‘ಹೇಳ್ರೀ, ಕೇಳಾಕತ್ತೀನಿ’ ಎನ್ನುವ ಒಂದು ಮನುಷ್ಯ ದನಿ ಇದೆಯೇ ಎಂಬುದಷ್ಟೇ ಲೆಕ್ಕ.